ರೋಬಾಟ್ ಕೈಗೆ ವಸ್ತು ಸಿಕ್ಕಿತೆಂದು ತಿಳಿಯಲು ಯಾವ ಸೆನ್ಸರ್ ಸಾಕು?

ಒಂದು ಬೆರಳಿನ ಒಳಮೈಗೆ ಎಫ್‌ಎಸ್‌ಆರ್, ಅಂದರೆ ಒತ್ತಿದರೆ ರೋಧ ಇಳಿಯುವ ತೆಳು ಸೆನ್ಸರ್, ಅಂಟಿಸಿ. ಹವ್ಯಾಸದ ಕೈಗೆ ಮೊದಲು ಬೇಕಾದದ್ದು ಇದೊಂದೇ.

ಒತ್ತದಿದ್ದಾಗ ಅದರ ರೋಧ ಸುಮಾರು 10 ಲಕ್ಷ ಓಮ್‌ಗೂ ಹೆಚ್ಚು. ಗಟ್ಟಿಯಾಗಿ ಒತ್ತಿದರೆ ಕೆಲವು ಸಾವಿರ ಓಮ್ ಅಥವಾ ಅದಕ್ಕೂ ಕಡಿಮೆ. ಒಂದು ತುದಿಯನ್ನು 5 ವೋಲ್ಟ್‌ಗೆ, ಇನ್ನೊಂದನ್ನು ಆರ್ಡುಯಿನೊ ಊನೊ ಎಂಬ ಚಿಕ್ಕ ನಿಯಂತ್ರಕ ಬೋರ್ಡಿನ ಅನಲಾಗ್ (ವೋಲ್ಟೇಜ್ ಅಳೆಯುವ) ಪಿನ್‌ಗೆ ಕೊಡಿ. ಅದೇ ಪಿನ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಒತ್ತಿದಷ್ಟೂ ಪಿನ್‌ನ ವೋಲ್ಟೇಜ್ ಏರುತ್ತದೆ. ಸರ್ವೋವನ್ನು, ಅಂದರೆ ಬೆರಳನ್ನು ಆಡಿಸುವ ಮೋಟಾರನ್ನು, 1 ಡಿಗ್ರಿ ಮುಚ್ಚುವತ್ತ ತಿರುಗಿಸಿ, 20 ಮಿಲಿಸೆಕೆಂಡ್ ಕಾದು, ಪಿನ್‌ನ ವೋಲ್ಟೇಜ್ ಓದಿ. ಓದಿಕೆ ನೀವು ಗೊತ್ತುಮಾಡಿದ ಮಿತಿ ದಾಟಿದೊಡನೆ ನಿಲ್ಲಿಸಿ.

ಹೆಚ್ಚಿನವರು ಎಡವುವುದು ಅಂಟಿಸುವಲ್ಲಿ. ವಸ್ತು ಸೆನ್ಸರ್‌ನ ಪಕ್ಕಕ್ಕೆ ತಾಗಿದರೆ ಓದಿಕೆ ಏರುವುದೇ ಇಲ್ಲ, ಸರ್ವೋ ಹಿಸುಕುತ್ತಲೇ ಹೋಗುತ್ತದೆ. ಹಾಗಾಗಿ ಮೇಲೆ 2 ಮಿಲಿಮೀಟರ್ ದಪ್ಪದ ರಬ್ಬರ್ ತುಂಡು ಅಂಟಿಸಿ. ಅದು ಒತ್ತಡ ಗ್ರಹಿಸುವ ವೃತ್ತಕ್ಕಿಂತ ತುಸು ಚಿಕ್ಕದಿರಲಿ, ಆಗ ಬಲವೆಲ್ಲ ಅಲ್ಲಿಗೇ ಬೀಳುತ್ತದೆ. ಬಾಗಿದ ಬೆರಳಾದರೆ ಮುಟ್ಟದೆಯೂ ಓದಿಕೆ ತೋರಿಸುತ್ತದೆ. ಸಮತಟ್ಟು ಜಾಗವೇ ಬೇಕು.

ಸರ್ವೋಗೆ ಬೇರೆ ವಿದ್ಯುತ್ ಕೊಡಿ, ಗ್ರೌಂಡ್ ಮಾತ್ರ ಒಂದೇ ಇರಲಿ. ಇಲ್ಲದಿದ್ದರೆ ಓದಿಕೆ ಕುಣಿಯುತ್ತದೆ. ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಈ ಕೆಲಸಕ್ಕೆ ಬೇಡ: ಆ ಬಗೆಯ ಎಚ್‌ಸಿ-ಎಸ್‌ಆರ್04 ಸುಮಾರು 2 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ಅಳೆಯಲಾರದು, ಹಿಡಿತಕ್ಕೆ ಬೇಕಾದದ್ದು ಆ ಅಂತರವೇ.