ಕ್ರಾಸ್ ಕಂಪೈಲರ್ ಯಾವುದು ಎನ್ನುವ ಮೊದಲು ಬೋರ್ಡಿನಲ್ಲಿ ಏನಿದೆ ನೋಡಿ

ಕುಮಟಾದಿಂದ ನೀವು ಕೇಳಿರುವುದು ಇಷ್ಟು: ಗಜನಿ (ಉಪ್ಪುನೀರು ನುಗ್ಗುವ ಕರಾವಳಿಯ) ಗದ್ದೆಯ ನೀರಿನ ಮಟ್ಟ ಮತ್ತು ಉಪ್ಪಿನಂಶವನ್ನು ದಾಖಲಿಸುವ ಸಿ++ ಪ್ರೋಗ್ರಾಂ ಬರೆದಿದ್ದೀರಿ. ಕೈಯಲ್ಲಿ ರಾಸ್ಪ್‌ಬೆರಿ ಪೈ ಝೀರೋ, ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಎರಡು ಪುಟ್ಟ ಕಂಪ್ಯೂಟರ್ ಬೋರ್ಡುಗಳು ಮತ್ತು ಓಪನ್‌ಡಬ್ಲ್ಯುಆರ್‌ಟಿ (ರೂಟರಿಗಾಗಿರುವ ಲಿನಕ್ಸ್) ಹಾಕಿದ ಒಂದು ಹಳೆಯ ವೈಫೈ ರೂಟರ್ ಇವೆ. ಉಬುಂಟು ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಬೇಕು, ಅಂದರೆ ಒಂದು ಯಂತ್ರದಲ್ಲಿ ಕೂತು ಇನ್ನೊಂದು ಬಗೆಯ ಪ್ರೊಸೆಸರಿಗೆ ಪ್ರೋಗ್ರಾಂ ತಯಾರಿಸುವ ಕ್ರಾಸ್ ಕಂಪೈಲರ್ ಬೇಕು. ಉಬುಂಟು ಕೊಡುವ ಕ್ರಾಸ್ ಕಂಪೈಲರ್ ಸಾಕೇ, ಆರ್ಮ್ ಕಂಪನಿಯದನ್ನು ಇಳಿಸಿಕೊಳ್ಳಬೇಕೇ, ಬೂಟ್ಲಿನ್ ಕಂಪನಿಯವರದೇ, ಅಥವಾ ಕ್ರಾಸ್‌ಟೂಲ್-ಎನ್‌ಜಿ ಹಿಡಿದು ಸ್ವತಃ ಕಟ್ಟಿಕೊಳ್ಳಬೇಕೇ? ಇವುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದು ಎಂದೂ ಕೇಳಿದ್ದೀರಿ.

ಕೊನೆಯ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಜಿಸಿಸಿ ಎಂಬ ಕಂಪೈಲರಿನ ಆವೃತ್ತಿ ಹತ್ತೋ ಹದಿಮೂರೋ ಎಂಬುದರಿಂದ ನಿಮ್ಮ ಕೆಲಸಕ್ಕೆ ಆಗುವ ವ್ಯತ್ಯಾಸ ಅತ್ಯಲ್ಪ. ಟೂಲ್‌ಚೈನ್ ಎಂದರೆ ಕಂಪೈಲರ್ ಒಂದೇ ಅಲ್ಲವಲ್ಲ. ಅದರ ಜೊತೆಗೆ ಲಿಂಕರ್ ಮುಂತಾದ ಬಿನ್‌ಯುಟಿಲ್ಸ್, ಕರ್ನಲ್ ಹೆಡರ್‌ಗಳು, ಪ್ರೋಗ್ರಾಂಗಳು ಆಸರೆ ಪಡೆಯುವ ಸಿ ಲೈಬ್ರರಿ ಎಲ್ಲವೂ ಬರುತ್ತವೆ. ನಾನು ಕಂಡಂತೆ ಜಗಳವೆಲ್ಲ ಈ ಸಿ ಲೈಬ್ರರಿಯದ್ದೇ. ಬೋರ್ಡಿನ ಮೇಲಿರುವ ಲೈಬ್ರರಿಗೂ ನೀವು ಕಂಪೈಲ್ ಮಾಡುವಾಗ ಬಳಸಿದ ಲೈಬ್ರರಿಗೂ ಹೊಂದಿಕೆಯಾಗದಿದ್ದರೆ ಎಷ್ಟು ಹೊಸ ಕಂಪೈಲರ್ ಇದ್ದರೂ ಪ್ರಯೋಜನವಿಲ್ಲ.

ನಾನು ಶಿರಸಿಯವನು. ದೇವಿಮನೆ ಘಟ್ಟ ಇಳಿದರೆ ನಿಮ್ಮೂರು. ಅಡಿಕೆ ತೋಟಗಳಿಗೆ ಮಳೆ ಮತ್ತು ತೇವಾಂಶ ದಾಖಲಿಸುವ ಪೆಟ್ಟಿಗೆಗಳನ್ನು ಮಾಡಿಕೊಡುತ್ತೇನೆ. ಮೊದಲ ಪೆಟ್ಟಿಗೆಯಲ್ಲಿ ಇದ್ದದ್ದು ನಿಮ್ಮಲ್ಲಿರುವಂಥದೇ ಪೈ ಝೀರೋ. ಒಂದು ಜೂನ್ ಸಂಜೆ, ಹೊರಗೆ ಮಳೆ ಹೊಯ್ಯುತ್ತಿತ್ತು, ಕರೆಂಟ್ ಹೋಗುವ ಮೊದಲು ಮುಗಿಸಬೇಕೆಂಬ ಆತುರ. ಉಬುಂಟುವಿನ ಆರ್ಮ್‌ಎಚ್‌ಎಫ್ (32 ಬಿಟ್ ಆರ್ಮ್ ಪ್ರೊಸೆಸರುಗಳ) ಕಂಪೈಲರ್ ಹಾಕಿಕೊಂಡು, ರಗಳೆಯೇ ಬೇಡವೆಂದು ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಯನ್ನೂ ಫೈಲಿನೊಳಗೇ ಸೇರಿಸಿ, ಲಿಂಕ್ ಮಾಡಿ, ಪೈಗೆ ಕಳಿಸಿ ಓಡಿಸಿದೆ. ಬಂದದ್ದು ಎರಡೇ ಪದ: ಇಲ್ಲೀಗಲ್ ಇನ್‌ಸ್ಟ್ರಕ್ಷನ್.

ಕಾರಣ ತಿಳಿದ ಮೇಲೆ ಸರಳವಾಗಿ ಕಾಣುತ್ತದೆ. ಮೊದಲ ಪೈ ಮತ್ತು ಪೈ ಝೀರೋದಲ್ಲಿರುವುದು ಆರ್ಮ್ 1176 ಪ್ರೊಸೆಸರ್, ಅಂದರೆ ಆರ್ಮ್‌ವಿ6 ಎಂಬ ಹಳೆಯ ಪೀಳಿಗೆಯದು. ಡೆಬಿಯನ್ ಮತ್ತು ಉಬುಂಟುಗಳ ಆರ್ಮ್‌ಎಚ್‌ಎಫ್ ಎಂದರೆ ಆರ್ಮ್‌ವಿ7, ಅದರ ಹೊಸ ಸೂಚನೆಗಳು ವಿ6ಗೆ ಅರ್ಥವಾಗುವುದಿಲ್ಲ. ರಾಸ್ಪ್‌ಬಿಯನ್ ಎಂಬ ಪ್ರತ್ಯೇಕ ವಿತರಣೆ ಹುಟ್ಟಿಕೊಂಡದ್ದೇ ಇದಕ್ಕಾಗಿ. ಇಡೀ ಡೆಬಿಯನ್ ಅನ್ನು ಆರ್ಮ್‌ವಿ6ಗೆ ಮತ್ತೆ ಕಂಪೈಲ್ ಮಾಡಬೇಕಾಯಿತು. ಆದರೆ ಅವರೂ ಅದನ್ನು ಆರ್ಮ್‌ಎಚ್‌ಎಫ್ ಎಂದೇ ಕರೆದರು. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಭಟ್ಟರಿದ್ದ ಹಾಗೆ, ಕಾಗದ ಯಾರದೋ ಮನೆಗೆ ಹೋಗುತ್ತದೆ.

ಕಂಪೈಲರಿಗೆ ಆರ್ಮ್‌ವಿ6 ಎಂದು ಹೇಳಿಬಿಟ್ಟರೆ ಆಯಿತಲ್ಲ ಎಂದು ನಾನೂ ಅಂದುಕೊಂಡೆ. ಹೇಳಿದರೆ ಥಂಬ್-1 (ಸೂಚನೆಗಳ ಚುಟುಕು ರೂಪ), ಹಾರ್ಡ್ ಫ್ಲೋಟ್ (ದಶಮಾಂಶದ ಲೆಕ್ಕಕ್ಕೆ ಪ್ರೊಸೆಸರಿನ ಪ್ರತ್ಯೇಕ ಘಟಕ ಬಳಸುವ ಬಗೆ) ಎಂದು ಗೊಣಗಿತು. ಥಂಬ್ ಬೇಡ, ಆರ್ಮ್ ಸೂಚನೆಗಳನ್ನೇ ಬಳಸು ಎಂದು ಇನ್ನೊಂದು ಆಯ್ಕೆ ಸೇರಿಸಿದ ಮೇಲೆ ಕಂಪೈಲ್ ಆಯಿತು. ಓಡಿಸಿದರೆ ಮತ್ತದೇ ಎರಡು ಪದ. ನನ್ನ ಕೋಡ್ ಆರ್ಮ್‌ವಿ6 ಆಗಿತ್ತು, ನಿಜ. ಆದರೆ ಮೇನ್ ಫಂಕ್ಷನ್‌ಗೂ ಮೊದಲು ಓಡುವ ಆರಂಭದ ತುಣುಕು, ಜೊತೆಗೆ ಲಿಂಕ್ ಆದ ಸಿ ಲೈಬ್ರರಿ ಇವೆಲ್ಲ ಉಬುಂಟು ಆಗಲೇ ಆರ್ಮ್‌ವಿ7ಗೆ ಕಂಪೈಲ್ ಮಾಡಿಟ್ಟವು. ನನ್ನ ಆಯ್ಕೆ ಅವುಗಳನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಪೈ ಝೀರೋಗೆ ಉಬುಂಟುವಿನ ಕಂಪೈಲರ್ ಬೇಡವೇ ಬೇಡ. ನಿಮ್ಮದು ಪೈ ಝೀರೋ 2 ಆಗಿದ್ದರೆ ಮಾತು ಬೇರೆ, ಅದರ ಪ್ರೊಸೆಸರ್ ಕಾರ್ಟೆಕ್ಸ್-ಎ53, ಆರ್ಮ್‌ವಿ7 ಕೋಡನ್ನೂ ಓಡಿಸುತ್ತದೆ.

ಬೀಗಲ್‌ಬೋನ್ ಬ್ಲ್ಯಾಕ್ ಕಾರ್ಟೆಕ್ಸ್-ಎ8, ಆರ್ಮ್‌ವಿ7. ಇದಕ್ಕೆ ಉಬುಂಟುವಿನದು ಹೊಂದುತ್ತದೆ, ಆದರೆ ಒಂದು ಷರತ್ತಿದೆ. ಅದು ನನಗೆ ಗೊತ್ತಾದದ್ದು ಲ್ಯಾಪ್‌ಟಾಪನ್ನು ಉಬುಂಟು 22.04ಕ್ಕೆ ಏರಿಸಿದ ಮೇಲೆ. ಒಂದು ಸಾಲನ್ನೂ ಬದಲಿಸದ ಪ್ರೋಗ್ರಾಂ, ಡೆಬಿಯನ್ 11 ಇದ್ದ ಬೋರ್ಡಿನಲ್ಲಿ, ಜಿಲಿಬ್‌ಸಿ (ಉಬುಂಟು, ಡೆಬಿಯನ್‌ಗಳ ಸಿ ಲೈಬ್ರರಿ) 2.34 ಸಿಗಲಿಲ್ಲ ಎಂದು ಹೇಳಿ ನಿಂತಿತು. ಉಬುಂಟು 22.04ರಲ್ಲಿ ಇರುವುದು ಜಿಲಿಬ್‌ಸಿ 2.35, ಡೆಬಿಯನ್ 11ರಲ್ಲಿ 2.31. 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೆ ಸೇರಿಸಿದರು. ಅದೇ ಆವೃತ್ತಿಯಲ್ಲಿ ಪ್ರೋಗ್ರಾಂ ಶುರುಮಾಡುವ ಫಂಕ್ಷನ್‌ಗೂ ಹೊಸ ಆವೃತ್ತಿಯ ಗುರುತು ಬಿತ್ತು. ಆದ್ದರಿಂದ ಬರೀ ನಮಸ್ಕಾರ ಎಂದು ಮುದ್ರಿಸುವ ಪ್ರೋಗ್ರಾಂ ಕೂಡ 2.34 ಬೇಕೆಂದು ಹಟ ಹಿಡಿಯುತ್ತದೆ. ಹಳೆಯ ಲೈಬ್ರರಿಯ ಎದುರು ಕಂಪೈಲ್ ಮಾಡಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರ ಎದುರು ಮಾಡಿದ್ದು ಹಳೆಯದರಲ್ಲಿ ಓಡುವ ಭರವಸೆ ಇಲ್ಲ. ಬೋರ್ಡಿನಲ್ಲಿ ಡೆಬಿಯನ್ 11 ಇದ್ದರೆ ಲ್ಯಾಪ್‌ಟಾಪಿನಲ್ಲಿ ಒಂದು ಡೆಬಿಯನ್ 11 ಕಂಟೇನರ್ (ಲ್ಯಾಪ್‌ಟಾಪಿನೊಳಗೇ ಬೇರೆಯಾಗಿ ಓಡುವ ಪುಟ್ಟ ವ್ಯವಸ್ಥೆ) ತೆರೆದು, ಅದರೊಳಗಿನ ಕ್ರಾಸ್ ಕಂಪೈಲರ್ ಬಳಸಿ. ನಾನು ಈಗಲೂ ಹಾಗೆಯೇ ಮಾಡುತ್ತೇನೆ.

ಇನ್ನೊಂದು ತಪ್ಪು ಸಂದೇಶವಿದೆ, ಎಷ್ಟೋ ಜನರನ್ನು ಅಡ್ಡದಾರಿ ಹಿಡಿಸುತ್ತದೆ. ಫೈಲ್ ಕಣ್ಣೆದುರೇ ಇರುತ್ತದೆ, ಓಡಿಸಿದರೆ ನೋ ಸಚ್ ಫೈಲ್ ಆರ್ ಡೈರೆಕ್ಟರಿ ಎನ್ನುತ್ತದೆ. ಇಲ್ಲವೆನ್ನುವುದು ನಿಮ್ಮ ಫೈಲನ್ನಲ್ಲ, ಅದು ಕೇಳುವ ಡೈನಾಮಿಕ್ ಲೋಡರನ್ನು, ಅಂದರೆ ಓಡುವ ಹೊತ್ತಿಗೆ ಲೈಬ್ರರಿಗಳನ್ನು ಜೋಡಿಸಿಕೊಡುವ ಪ್ರೋಗ್ರಾಮನ್ನು. ಹಾರ್ಡ್ ಫ್ಲೋಟ್ ಬೈನರಿ ಒಂದು ಹೆಸರಿನ ಲೋಡರನ್ನು ಹುಡುಕುತ್ತದೆ, ಸಾಫ್ಟ್ ಫ್ಲೋಟ್ ಇನ್ನೊಂದನ್ನು, ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿಯದ್ದು ಮತ್ತೊಂದನ್ನು. ಯಾರೋ ಕೊಟ್ಟ ಹಳೆಯ ಬೋರ್ಡೊಂದರ ಮೇಲೆ ಇದನ್ನು ಪತ್ತೆಹಚ್ಚಲು ನನಗೆ ಎರಡು ದಿನ ಹಿಡಿಯಿತು, ಅಷ್ಟರಲ್ಲಿ ಅನುಮತಿಗಳನ್ನೆಲ್ಲ ತಿದ್ದಿ ತಿದ್ದಿ ಹಾಳುಮಾಡಿದ್ದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬೂಟ್ಲಿನ್‌ನವರ ಸಿದ್ಧ ಟೂಲ್‌ಚೈನ್‌ಗಳಲ್ಲಿ ಆರ್ಮ್‌ವಿ6 ಹಾರ್ಡ್ ಫ್ಲೋಟ್, ಮಸಲ್ ಲೈಬ್ರರಿ ಇರುವ ಸ್ಟೇಬಲ್ ಆವೃತ್ತಿಯನ್ನು ಇಳಿಸಿಕೊಂಡು, ಪೂರ್ತಿ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡುತ್ತಿದ್ದೆ. ಆ ಬೈನರಿ ಬೋರ್ಡಿನ ಲೈಬ್ರರಿಯನ್ನು ಕೇಳುವುದಿಲ್ಲ, ಹಾಗಾಗಿ ಆವೃತ್ತಿಯ ತಕರಾರೂ ಇಲ್ಲ. ಆರ್ಮ್‌ವಿ6 ಕೋಡ್ ಆರ್ಮ್‌ವಿ7ರಲ್ಲಿಯೂ ಓಡುವುದರಿಂದ ಪೈ ಝೀರೋ, ಬೀಗಲ್‌ಬೋನ್ ಎರಡಕ್ಕೂ ಒಂದೇ ಫೈಲ್ ಸಾಕು. ಜಿಲಿಬ್‌ಸಿಯನ್ನೇ ಸ್ಟ್ಯಾಟಿಕ್ ಮಾಡಬಹುದಲ್ಲ ಎನ್ನಬೇಡಿ. ಹೋಸ್ಟ್ ಹೆಸರು ಹುಡುಕುವಂಥ ಕೆಲಸಕ್ಕೆ ಅದು ಮತ್ತೆ ಬೋರ್ಡಿನ ಲೈಬ್ರರಿಗೇ ಕೈಚಾಚುತ್ತದೆ. ಲಿಂಕ್ ಮಾಡುವಾಗಲೇ ಎಚ್ಚರಿಕೆ ಕೊಡುತ್ತದೆ, ನಾವು ಓದುವುದಿಲ್ಲ. ಮಸಲ್‌ನಲ್ಲಿ ನೆನಪಿಡಬೇಕಾದದ್ದು, ಥ್ರೆಡ್ಡಿಗೆ ತಾನಾಗಿ ಕೊಡುವ ಸ್ಟ್ಯಾಕ್ ಬಲು ಚಿಕ್ಕದು, 128 ಕೆಬಿ. ಥ್ರೆಡ್ಡಿನೊಳಗೆ ದೊಡ್ಡ ಅರೇ ಇಟ್ಟುಕೊಂಡಿದ್ದರೆ ಸ್ಟ್ಯಾಕ್ ಗಾತ್ರವನ್ನು ನೀವೇ ಹೇಳಿ. ಲಾಭವೊಂದಿದೆ: 2020ರ ಮಸಲ್ 1.2.0ರಿಂದ 32 ಬಿಟ್ ಬೋರ್ಡುಗಳಲ್ಲೂ ಸಮಯವನ್ನು 64 ಬಿಟ್‌ನಲ್ಲಿ ಲೆಕ್ಕ ಹಾಕುತ್ತದೆ. 2038ರ ಜನವರಿ 19ರಂದು ನಿಮ್ಮ ಗಜನಿ ದಾಖಲೆ 1901ಕ್ಕೆ ಹಾರುವುದಿಲ್ಲ.

ಪ್ರೋಗ್ರಾಂ ಇನ್ನೂ ನಾಲ್ಕಾರು ಲೈಬ್ರರಿಗಳನ್ನು ಬೇಡುತ್ತಿದ್ದರೆ ಅವನ್ನೆಲ್ಲ ಕೈಯಿಂದ ಕಂಪೈಲ್ ಮಾಡುತ್ತ ಕೂರಬೇಡಿ, ಅವನ್ನು ತಾನೇ ಕಂಪೈಲ್ ಮಾಡಿಕೊಡುವ ಬಿಲ್ಡ್‌ರೂಟ್ ಹಿಡಿಯಿರಿ. ಕ್ರಾಸ್‌ಟೂಲ್-ಎನ್‌ಜಿ ಒಳ್ಳೆಯದೇ, ಆದರೆ ನಿಮಗೆ ಈಗ ಅದರ ಅಗತ್ಯವಿಲ್ಲ. ಆರ್ಮ್ ಕಂಪನಿಯ ಪುಟದಲ್ಲಿ ಹೆಸರಿನ ನಡುವೆ ಲಿನಕ್ಸ್ ಎಂಬ ಪದವಿಲ್ಲದ ಕಂಪೈಲರ್ ಇದೆ. ಅದು ಆಪರೇಟಿಂಗ್ ಸಿಸ್ಟಮ್ ಇಲ್ಲದ ಮೈಕ್ರೋಕಂಟ್ರೋಲರುಗಳಿಗೆ. ಅದನ್ನು ಇಳಿಸಿಕೊಂಡು ದಿನ ಕಳೆದ ವಿದ್ಯಾರ್ಥಿಗಳನ್ನು ನೋಡಿದ್ದೇನೆ.

ನಮ್ಮಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮೊದಲು ಹಳಬರು ಉಜ್ಜಿದ ಕತ್ತಿಯನ್ನು ಪೀಪಾಯಿಯಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿಗೆ ಕೆಂಪು ಅಂಟಿದರೆ ಮೈಲುತುತ್ತ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ. ಮರ ಹತ್ತುವುದು ಆಮೇಲೆ. ನಾನೂ ಈಗ ಮೊದಲು ಐದು ಸಾಲಿನ ಪ್ರೋಗ್ರಾಂ ಕಂಪೈಲ್ ಮಾಡಿ, ಅದರ ಮೇಲೆ ರೀಡ್‌ಎಲ್ಫ್ (ಬೈನರಿಯ ಒಳವಿವರ ತೋರಿಸುವ ಸಾಧನ) ಓಡಿಸಿ ನೋಡುತ್ತೇನೆ. ದೊಡ್ಡಕ್ಷರ ಎ ಆಯ್ಕೆ ಕೊಟ್ಟರೆ ಪ್ರೊಸೆಸರ್ ವಿ6 ಎಂದಿದೆಯೋ ವಿ7 ಎಂದೋ, ಹಾರ್ಡ್ ಫ್ಲೋಟ್ ಹೌದೋ ಅಲ್ಲವೋ ತಿಳಿಯುತ್ತದೆ. ಚಿಕ್ಕಕ್ಷರ ಎಲ್ ಕೊಟ್ಟರೆ ಯಾವ ಲೋಡರ್ ಕೇಳುತ್ತದೆ ಎಂಬುದು. ಅದೇ ರೀಡ್‌ಎಲ್ಫನ್ನು ಬೋರ್ಡಿನಲ್ಲಿರುವ ಯಾವುದಾದರೂ ಪ್ರೋಗ್ರಾಂ ಮೇಲೂ ಓಡಿಸಿ ಎರಡನ್ನೂ ಹೋಲಿಸಿ. ಯುನೇಮ್ ಆದೇಶ ಹೇಳಿದ್ದನ್ನು ಮಾತ್ರ ನಂಬಬೇಡಿ. ಅದು ಕರ್ನಲ್ಲಿನ ಮಾತು. ಹೊಸ ಪೈಗಳಲ್ಲಿ ಕರ್ನಲ್ 64 ಬಿಟ್ ಇದ್ದು, ಮೇಲಿನ ಪ್ರೋಗ್ರಾಂಗಳೆಲ್ಲ 32 ಬಿಟ್ ಇರುವುದುಂಟು.

ರೂಟರಿಗೆ ಮೇಲಿನ ಯಾವುದೂ ಬೇಡ. ಅದರಲ್ಲಿ ಹಾಕಿರುವ ಓಪನ್‌ಡಬ್ಲ್ಯುಆರ್‌ಟಿ ಆವೃತ್ತಿಯದೇ, ಅದೇ ಟಾರ್ಗೆಟ್‌ನದೇ (ಚಿಪ್ ಬಗೆಯದೇ) ಎಸ್‌ಡಿಕೆ, ಅಂದರೆ ಅದಕ್ಕೆಂದೇ ಸಿದ್ಧಪಡಿಸಿದ ಟೂಲ್‌ಚೈನ್ ಕಟ್ಟು, ಇಳಿಸಿಕೊಳ್ಳಿ. ಹಳೆಯದಾದರೆ ಬಹುಶಃ ಮಿಪ್ಸ್ ಪ್ರೊಸೆಸರ್, ಅದರಲ್ಲೂ ಅಥೆರೋಸ್ ಚಿಪ್ ಬಿಗ್ ಎಂಡಿಯನ್, ಮೀಡಿಯಾಟೆಕ್ ಲಿಟಲ್ ಎಂಡಿಯನ್, ಅಂದರೆ ಬೈಟುಗಳನ್ನು ಇಡುವ ಕ್ರಮವೇ ತಿರುಗುಮುರುಗು. ರೂಟರಿನ ಹಿಂಬದಿಯ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕ ವಿ1, ವಿ2 ಎಂದೇನಾದರೂ ಇದೆಯೇ ನೋಡಿ. ಒಂದೇ ಮಾದರಿಯಾದರೂ ಆ ಅಂಕಿ ಬದಲಾದಾಗ ಒಳಗಿನ ಚಿಪ್ ಕೂಡ ಬದಲಾಗಿರಬಹುದು. ಅದನ್ನೂ ಫ್ಲ್ಯಾಷ್ ಎಷ್ಟು ಎಂಬುದನ್ನೂ ಬರೆಯಿರಿ. 4 ಎಂಬಿ ಆಗಿದ್ದರೆ ಸಿ++ ಲೈಬ್ರರಿಗೇ ಜಾಗ ಸಾಲದು, ಆಗ ರೂಟರನ್ನು ಬಿಟ್ಟು ಉಳಿದೆರಡರಲ್ಲಿ ಕೆಲಸ ಮುಗಿಸಿಕೊಳ್ಳಿ.