ಸತ್ತು ಹುಟ್ಟಿದ ಮಗುವಿಗೂ ವಂಶಾವಳಿಯಲ್ಲಿ ಒಂದು ಸಾಲು

ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ದಾಖಲೆಗಳ ಕುರಿತ ಲೇಖನವನ್ನು ಓದಿ ಓದುಗರೊಬ್ಬರು ಕೇಳಿದ್ದಾರೆ: “ಮಗು ಸತ್ತು ಹುಟ್ಟುವ ಅಪಾಯ ಯಾವ ಮನೆತನದಲ್ಲಿದೆ ಎಂದು ಹಳೆಯ ದಾಖಲೆಗಳನ್ನು ಕೆದಕಿದರೆ ನೊಂದ ತಾಯಿಗೆ ಇನ್ನೊಂದು ಕಳಂಕ ಹೊರಿಸಿದಂತಾಗದೆ? ಒಂದು ಕುಟುಂಬದವರು ಬಡತನವನ್ನೂ ಹೊಗೆಯನ್ನೂ ಹಂಚಿಕೊಂಡಿರುತ್ತಾರೆ. ಅದನ್ನು ರಕ್ತದ ದೋಷವೆನ್ನಬಹುದೆ?”

ಉತ್ತರ: ನಿಮ್ಮ ಎರಡನೆಯ ಮಾತನ್ನು ಒಪ್ಪುತ್ತೇನೆ. ಒಂದು ಕುಟುಂಬದಲ್ಲಿ ಇಂಥ ಸಾವುಗಳು ಹೆಚ್ಚಾಗಿ ಕಂಡ ಮಾತ್ರಕ್ಕೆ ಕಾರಣ ವಂಶವಾಹಿಯೇ ಎಂದು ಸಾಧಿತವಾಗುವುದಿಲ್ಲ. ಯೂಟಾದ ಜನರಲ್ಲಿ ಬಹುಪಾಲು ಉತ್ತರ ಯುರೋಪಿನ ಮೂಲದವರಾದ್ದರಿಂದ, ಅಲ್ಲಿ ಕಂಡದ್ದನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಆದರೆ ಕಳಂಕದ ಮಾತಿಗೆ ಬಂದರೆ, ಕ್ಷಮಿಸಿ, ನೀವು ವಿಷಯವನ್ನು ತಲೆಕೆಳಗಾಗಿ ನೋಡಿದ್ದೀರಿ.

ಮಾರ್ಮನ್ನರೆಂದು ಹೆಸರಾದ ಲ್ಯಾಟರ್ ಡೇ ಸೇಂಟ್ಸ್ ಚರ್ಚಿನವರು ಧಾರ್ಮಿಕ ಕರ್ತವ್ಯವೆಂದು ತಲೆಮಾರುಗಳ ಕಾಲ ಬರೆದಿಟ್ಟ ವಂಶಾವಳಿಗಳನ್ನು ಯೂಟಾ ವಿಶ್ವವಿದ್ಯಾಲಯದವರು 1970ರ ದಶಕದಿಂದ ವೈದ್ಯಕೀಯ ಮತ್ತು ಸರ್ಕಾರಿ ದಾಖಲೆಗಳೊಂದಿಗೆ ಜೋಡಿಸುತ್ತ ಬಂದರು. ಸ್ತನ ಕ್ಯಾನ್ಸರಿನ ಬಿಆರ್‌ಸಿಎ1 ವಂಶವಾಹಿಯನ್ನು 1994ರಲ್ಲಿ ಗುರುತಿಸಲು ನೆರವಾದದ್ದು ಅಲ್ಲಿನ ಕುಟುಂಬಗಳೇ. ಅದೇ ಭಂಡಾರದಿಂದ 1978ರಿಂದ 2019ರವರೆಗಿನ 9,404 ನಿರ್ಜೀವ ಜನನಗಳನ್ನು ಆಯ್ದು, ಜೀವಂತ ಜನನಗಳೊಂದಿಗೆ ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ನಿರೀಕ್ಷೆಗಿಂತ ಹೆಚ್ಚು ಸಾವುಗಳಾಗಿದ್ದ 390 ಕುಟುಂಬಗಳು ಅದರಲ್ಲಿ ಸಿಕ್ಕಿದವು. ಅಪಾಯವು ಕುಟುಂಬದ ಪುರುಷರ ಮೂಲಕ ಸಾಗಿ ಬರುವ ಒಲವೂ ಕಂಡಿತು. ಅಪ್ಪನ ಕಡೆಯವರನ್ನು ಯಾರೂ ಕೇಳದೆ, ಆಕೆ ಏನು ತಿಂದಳು, ಏನು ಎತ್ತಿದಳು, ಎಲ್ಲಿಗೆ ಹೋದಳು ಎಂದು ತಾಯಿಯೊಬ್ಬಳನ್ನೇ ವಿಚಾರಣೆಗೆ ನಿಲ್ಲಿಸುವ ಅಭ್ಯಾಸಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಯಾವುದಿದೆ?

ಇನ್ನೊಂದು ಅಂಶವನ್ನು ನೀವು ಗಮನಿಸಬೇಕು. ಬರಿಯ ವಂಶಾವಳಿಯಿಂದ ಈ ಅಧ್ಯಯನ ಆಗುತ್ತಿರಲಿಲ್ಲ. ಸತ್ತು ಹುಟ್ಟಿದ ಮಕ್ಕಳ ವಿವರ ಒದಗಿಸಿದ್ದು ರಾಜ್ಯದ ಭ್ರೂಣಮರಣ ಪ್ರಮಾಣಪತ್ರಗಳು. ನಾನು ನೋಡಿದ ಎಷ್ಟೋ ವಂಶಾವಳಿಗಳಲ್ಲಿ ಇಬ್ಬರು ಮಕ್ಕಳ ನಡುವೆ ಐದಾರು ವರ್ಷಗಳ ಅಂತರವಿರುತ್ತದೆ, ಕಾರಣ ಮಾತ್ರ ಇರುವುದಿಲ್ಲ. ಅಂಥದೊಂದನ್ನು ಬರೆದ ಹಿರಿಯರನ್ನು ವಿಚಾರಿಸಿದಾಗ, “ಉಳಿದವರನ್ನಷ್ಟೇ ಬರೆಯುವುದು” ಎಂದರು. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಆದರೆ ಆ ಒಂದು ರೂಢಿಯಿಂದ ಎಷ್ಟು ತಿಳಿವಳಿಕೆ ಅಳಿಸಿಹೋಗಿದೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಸರ್ಕಾರಗಳೂ ಇದಕ್ಕಿಂತ ಉತ್ತಮವಾಗಿ ನಡೆದುಕೊಂಡಿಲ್ಲ. ಅಮೆರಿಕದಲ್ಲಿ ಇಂಥ ಮಗುವಿನ ತಂದೆತಾಯಿಗೆ ಬಹುಕಾಲ ಸಿಗುತ್ತಿದ್ದುದು ಮರಣ ಪ್ರಮಾಣಪತ್ರವೊಂದೇ. ಜನನವನ್ನೂ ಒಪ್ಪುವ ಪ್ರಮಾಣಪತ್ರಕ್ಕೆ ಅರಿಜೋನಾ ರಾಜ್ಯ 2001ರಲ್ಲಿ ದಾರಿ ತೆರೆಯಬೇಕಾಯಿತು. ಇಪ್ಪತ್ತು ವಾರ ದಾಟಿದ ಗರ್ಭಗಳ ಲೆಕ್ಕದಲ್ಲಿ ಆ ದೇಶವೊಂದರಲ್ಲೇ ವರ್ಷಕ್ಕೆ ಸುಮಾರು 21,000 ಮಕ್ಕಳು ಸತ್ತು ಹುಟ್ಟುತ್ತವೆ. ಸರಿಯಾಗಿ ಹುಡುಕಿದರೆ ಹೆಚ್ಚಿನ ಸಲ ಕಾರಣ ಸಿಗುತ್ತದೆ: ಶವಪರೀಕ್ಷೆ, ಮಾಸಿನ (ಪ್ಲಾಸೆಂಟಾ) ಪರೀಕ್ಷೆ, ವರ್ಣತಂತುಗಳ ಪರೀಕ್ಷೆ ಎಲ್ಲವನ್ನೂ ಕ್ರಮವಾಗಿ ಮಾಡಿದ ಅಲ್ಲಿನ ಅಧ್ಯಯನವೊಂದು 2011ರಲ್ಲಿ ಹತ್ತರಲ್ಲಿ ಆರು ಸಾವುಗಳಿಗೆ ಸಂಭವನೀಯ ಕಾರಣ ಹೇಳಿತು. 2020ರಲ್ಲಿ 246 ಪ್ರಕರಣಗಳ ವಂಶವಾಹಿಗಳನ್ನು ಓದಿದಾಗ ಶೇಕಡಾ 8.5ರಷ್ಟರಲ್ಲಿ ಸಾವಿಗೆ ಸಂಬಂಧಿಸಿದ ದೋಷ ಸಿಕ್ಕಿತು. ಹೀಗಿದ್ದೂ “ವಿಧಿ” ಎಂಬ ಮಾತಿನಲ್ಲಿ ಪ್ರಕರಣ ಮುಗಿಸುವ ವೈದ್ಯರೂ ಹಣ ಬಿಡುಗಡೆ ಮಾಡದ ಇಲಾಖೆಗಳೂ ಹಳೆಯ ಕಡತಗಳನ್ನು ತೇವದಲ್ಲಿ ಕೊಳೆಯಲು ಬಿಟ್ಟ ದಾಖಲೆ ಭಂಡಾರಗಳೂ ಎಲ್ಲ ಕಡೆ ಇರುವುದನ್ನು ನೋಡಿ ನನಗೆ ಸಿಟ್ಟು ಬರುತ್ತದೆ.

ಗೌಪ್ಯತೆಯ ಬಗ್ಗೆ ನಿಮ್ಮಂಥ ಸೂಕ್ಷ್ಮ ಮನಸ್ಸಿನವರು ಎಚ್ಚರ ವಹಿಸುವುದು ಒಳ್ಳೆಯದೇ. ಯೂಟಾದಲ್ಲಿ ಅದಕ್ಕೆಂದೇ ಮೇಲ್ವಿಚಾರಣೆಯ ವ್ಯವಸ್ಥೆಯಿದೆ. ನಿಮ್ಮ ತಂದೆಯ ಕಡೆಯಲ್ಲಿ ಇಂಥ ಎರಡು ಸಾವುಗಳಾಗಿದ್ದವೆಂದು ಪತ್ರದ ಕೊನೆಯಲ್ಲಿ ತಿಳಿಸಿದ್ದೀರಿ. ಯಾವ ವರ್ಷ, ಎಷ್ಟನೆಯ ತಿಂಗಳು, ಯಾರ ಮಗು, ವೈದ್ಯರು ಆಗ ಏನೆಂದರು ಎಂಬುದನ್ನು ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡಿ. ನಿಮ್ಮ ಮನೆಯಲ್ಲಿ ಮುಂದೆ ಯಾರಾದರೂ ಗರ್ಭಿಣಿಯಾದಾಗ ಆ ಹಾಳೆಯನ್ನು ವೈದ್ಯರ ಮುಂದಿಡಿ.