ಸೋತವರು ಮನೆಗೆ ಹೋದರೋ ಇಲ್ಲವೋ?

ಹೋದ ಸಂಚಿಕೆಯಲ್ಲಿ "ಬಡ ದೇಶಗಳಲ್ಲಿ ಸರ್ಕಾರ ಬದಲಾಗುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ" ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧ ಪ್ರಶ್ನೆ, ಅರ್ಧ ಬೈಗುಳ. ಬೈಗುಳವನ್ನು ನಾನೇ ಇಟ್ಟುಕೊಂಡಿದ್ದೇನೆ. ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಜನ ಬೀದಿಗಿಳಿದು ಸರ್ವಾಧಿಕಾರಿಯನ್ನು ಇಳಿಸುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಕುರ್ಚಿಯಲ್ಲಿ ಮತ್ತೊಬ್ಬ ಕೂತಿರುತ್ತಾನೆ. ಈಜಿಪ್ಟ್ ನೋಡಿ. ಅಷ್ಟು ಜನ ಬೀದಿಗೆ ಬಂದು ಏನು ಸಿಕ್ಕಿತು?

ಉತ್ತರ: ಈಜಿಪ್ಟ್‌ನಲ್ಲಿ ಇಳಿದದ್ದು ಒಬ್ಬ ಮನುಷ್ಯ. ಆ ಕುರ್ಚಿಯನ್ನು ಹೊತ್ತುಕೊಂಡಿದ್ದ ಸೈನ್ಯ ಎಲ್ಲಿಗೂ ಹೋಗಲಿಲ್ಲ. 2011ರ ಫೆಬ್ರವರಿ 11ರಂದು ಹೊಸ್ನಿ ಮುಬಾರಕ್ ರಾಜೀನಾಮೆ ಕೊಟ್ಟಾಗ ತಹ್ರೀರ್ ಚೌಕದಲ್ಲಿ ಜನ ಕುಣಿದರು ನಿಜ, ಆದರೆ ಅವತ್ತು ಅಧಿಕಾರ ಹೋಗಿ ಸೇರಿದ್ದು ಜನರಲ್‌ಗಳ ಮಂಡಳಿಯ ಕೈಗೆ. ಆ ಸೈನ್ಯಕ್ಕೆ ಬಂದೂಕಿನ ಜೊತೆ ವ್ಯಾಪಾರವೂ ಇದೆ. ಪಾಸ್ತಾ, ಬಾಟಲಿ ನೀರು, ಸಿಮೆಂಟು, ಪೆಟ್ರೋಲ್ ಬಂಕು, ಎಲ್ಲದರಲ್ಲೂ ಕೈ. ಇಷ್ಟೆಲ್ಲ ಆಸ್ತಿ ಕಟ್ಟಿಕೊಂಡವರು ಯಾರೋ ಓಟಿನಲ್ಲಿ ಗೆದ್ದು ಬಂದರು ಅಂತ ಸುಮ್ನೆ ಕೀಲಿಕೈ ಕೊಟ್ಟು ಹೋಗ್ತಾರಾ? 2012ರಲ್ಲಿ ಮೊಹಮ್ಮದ್ ಮೊರ್ಸಿ ಶೇ. 52ರ ಹತ್ತಿರ ಮತ ಪಡೆದು ಗೆದ್ದರು. ಅವರೂ ಎಡವಿದರು. ಅದೇ ವರ್ಷ ನವೆಂಬರ್‌ನಲ್ಲಿ ತಮ್ಮ ಆದೇಶಗಳನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಅಂತ ಘೋಷಿಸಿಬಿಟ್ಟರು. ಜನ ಮತ್ತೆ ಬೀದಿಗೆ ಬಂದರು, ಸೈನ್ಯ ಕಾಯುತ್ತಿದ್ದದ್ದೇ ಅದಕ್ಕೆ. 2013ರ ಜುಲೈ 3ರಂದು ಅವರನ್ನು ಇಳಿಸಿತು. ಮರುವರ್ಷ ಸೇನಾ ಮುಖ್ಯಸ್ಥರಾಗಿದ್ದ ಸಿಸಿ ಅಧ್ಯಕ್ಷರಾದರು, ಶೇ. 96ಕ್ಕೂ ಜಾಸ್ತಿ ಮತ ಬಿತ್ತಂತೆ. ಅಂಥ ಅಂಕಿ ಕಂಡ ಕೂಡಲೇ ನಾನು ಓದುವುದನ್ನು ನಿಲ್ಲಿಸುತ್ತೇನೆ.

ಇದರ ಪಕ್ಕದಲ್ಲಿ ಚಿಲಿಯನ್ನು ಇಟ್ಟು ನೋಡಿ. ಅಲ್ಲಿನ ಸೇನಾ ಸರ್ವಾಧಿಕಾರಿ ಪಿನೋಚೆ ತಾನೇ ಬರೆಸಿಕೊಂಡ 1980ರ ಸಂವಿಧಾನದಲ್ಲಿ 1988ಕ್ಕೆ ಒಂದು ಜನಮತ ಇಟ್ಟುಕೊಂಡಿದ್ದ. ಇನ್ನೂ ಎಂಟು ವರ್ಷ ನಾನಿರಲೇ? ಹೌದು ಅಥವಾ ಇಲ್ಲ, ಅಷ್ಟೇ. ಗೆದ್ದೇ ಗೆಲ್ಲುತ್ತೇನೆ ಅಂತ ನಂಬಿದ್ದ. ಅಕ್ಟೋಬರ್ 5ರ ರಾತ್ರಿ ಸರ್ಕಾರ ಫಲಿತಾಂಶ ಹೇಳದೆ ಎಳೆಯುತ್ತಾ ಇತ್ತು. ಸರ್ಕಾರ ನಡೆಸುತ್ತಿದ್ದ ಸೇನಾ ಕೂಟದ ಸದಸ್ಯರೇ ಆಗಿದ್ದ ವಾಯುಪಡೆ ಮುಖ್ಯಸ್ಥ ಮತ್ತೇಯ್ ಅಧ್ಯಕ್ಷರ ಅರಮನೆಯ ಒಳಗೆ ಹೋಗುತ್ತಾ, ಬಾಗಿಲಲ್ಲಿದ್ದ ಪತ್ರಕರ್ತರಿಗೆ "ಇಲ್ಲ ಅನ್ನೋದೇ ಗೆದ್ದಂತೆ ಕಾಣುತ್ತೆ" ಎಂಬರ್ಥದ ಒಂದು ಮಾತು ಹೇಳಿ ಹೋದರು. ಮುಗೀತು. ಒಳಗೆ ಕೂತು ಅಂಕಿ ತಿರುಚುವ ದಾರಿ ಅಲ್ಲಿಗೆ ಮುಚ್ಚಿತು. 'ಇಲ್ಲ' ಅಂದವರು ಸುಮಾರು ಶೇ. 56.

ಹಾಗಂತ ಪಿನೋಚೆ ಮನೆಗೆ ಹೋಗಲಿಲ್ಲ, 1998ರ ತನಕ ಸೈನ್ಯದ ಮುಖ್ಯಸ್ಥನಾಗಿಯೇ ಇದ್ದ. ಹೊಟ್ಟೆ ಉರಿಯುತ್ತದೆ ಅಲ್ವಾ? ಚಿಲಿಯ ಜನಕ್ಕೂ ಉರಿಯಿತು. ಆದರೆ ಅಧ್ಯಕ್ಷ ಪದವಿ ಬಿಟ್ಟರೂ ಜೀವಕ್ಕೆ ಅಪಾಯವಿಲ್ಲ ಅನ್ನುವ ಧೈರ್ಯ ಇದ್ದದ್ದಕ್ಕೇ ಆತ ಅದನ್ನು ಬಿಟ್ಟ ಅಂತ ನನ್ನ ಲೆಕ್ಕ. ಬೀದಿಗೆ ಬಂದು ಏನು ಸಿಕ್ಕಿತು ಅಂದಿರಿ. ಬೀದಿ ಬಾಗಿಲು ತೆಗೆಸುತ್ತದೆ. ಒಳಗೆ ಯಾರು ಹೋಗುತ್ತಾರೆ ಅನ್ನುವುದನ್ನು ಬಂದೂಕು ಹಿಡಿದವರು ನಿರ್ಧರಿಸಿದರೆ ಈಜಿಪ್ಟ್, ಬಂದೂಕು ಹಿಡಿದವರಲ್ಲೇ ಒಬ್ಬ ಬಾಯಿಬಿಟ್ಟರೆ ಚಿಲಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಓದು ಬರಹ ಬರದ, ಹೊಟ್ಟೆಗಿಲ್ಲದ ಜನರಿಗೆ ಮೊದಲು ಶಾಲೆ, ಅನ್ನ ಕೊಟ್ಟು ಆಮೇಲೆ ಓಟು ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ತಪ್ಪೇ?

ಉತ್ತರ: ತಪ್ಪು ಅಂತ ನಿಮ್ಮ ಮುಖಕ್ಕೆ ಹೇಳಲು ನನಗೆ ಧೈರ್ಯವಿಲ್ಲ ಮೇಷ್ಟ್ರೇ, ಅದಕ್ಕೆ ಒಂದು ಗೋಲಿಯ ಕಥೆ ಹೇಳುತ್ತೇನೆ.

ಪಶ್ಚಿಮ ಆಫ್ರಿಕಾದಲ್ಲಿ ಗ್ಯಾಂಬಿಯಾ ಅಂತ ಒಂದು ಪುಟ್ಟ ದೇಶ. ಅಲ್ಲಿ ಬಹಳ ಜನಕ್ಕೆ ಓದಲು ಬರುತ್ತಿರಲಿಲ್ಲ ಅಂತ 1960ರ ದಶಕದಲ್ಲಿ ಗೋಲಿ ಹಾಕುವ ಪದ್ಧತಿ ತಂದರು. ಮತಗಟ್ಟೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡ್ರಮ್ಮು, ಪಕ್ಷದ ಬಣ್ಣ ಬಳಿದು ಅಭ್ಯರ್ಥಿಯ ಫೋಟೋ ಅಂಟಿಸಿರುತ್ತಾರೆ. ಕೈಗೆ ಒಂದು ಗಾಜಿನ ಗೋಲಿ ಕೊಡುತ್ತಾರೆ. ನೀವು ಮರೆಗೆ ಹೋಗಿ ನಿಮಗೆ ಬೇಕಾದವರ ಡ್ರಮ್ಮಿನ ಕೊಳವೆಗೆ ಅದನ್ನು ಬಿಡಬೇಕು. ಒಳಗೆ ಒಂದು ಗಂಟೆ ಇರುತ್ತದೆ. ಟಣ್ ಅಂದರೆ ಓಟು ಬಿತ್ತು. ಎರಡು ಸಲ ಟಣ್ ಅಂದರೆ ಹೊರಗೆ ಕೂತ ಅಧಿಕಾರಿ ಎದ್ದು ನಿಲ್ಲುತ್ತಾನೆ. ಬಿದ್ದ ಗೋಲಿ ಮತ್ತೆ ಸದ್ದು ಮಾಡಬಾರದು ಅಂತ ತಳದಲ್ಲಿ ಮರಳೋ ಮರದ ಹೊಟ್ಟೋ ಹಾಕಿರುತ್ತಾರೆ. ಮತದಾನದ ದಿನ ಮತಗಟ್ಟೆ ಸುತ್ತ ಸೈಕಲ್ ಬಿಡುವಂತಿಲ್ಲ, ಸೈಕಲ್ ಬೆಲ್ಲಿಗೂ ಗೋಲಿ ಗಂಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂತ! ಎಣಿಸುವುದಕ್ಕೆ ಗುಳಿ ಗುಳಿ ಇರುವ ತಟ್ಟೆ, ತುಂಬಿದರೆ ಇಷ್ಟು ನೂರು ಅಂತ ಲೆಕ್ಕ.

1994ರಲ್ಲಿ ಸೇನಾ ದಂಗೆ ಮಾಡಿ ಬಂದ ಯಾಹ್ಯಾ ಜಾಮೆ ಅಲ್ಲಿ 22 ವರ್ಷ ಆಳಿದ. ದೇವರು ಒಪ್ಪಿದರೆ ನೂರು ಕೋಟಿ ವರ್ಷ ಬೇಕಾದರೂ ಆಳುತ್ತೇನೆ ಅಂದವನು ಅವನು. 2016ರ ಡಿಸೆಂಬರ್ 1ರಂದು ಈ ಗೋಲಿಗಳೇ ಅವನನ್ನು ಸೋಲಿಸಿದವು. ಆ ಸಲ ಗೋಲಿಗಳನ್ನು ಆಯಾ ಮತಗಟ್ಟೆಯಲ್ಲೇ, ಎಲ್ಲರ ಎದುರೇ ಎಣಿಸಿದ್ದರು. ಮಾರನೇ ದಿನ ಟಿವಿಯಲ್ಲಿ, ಗೆದ್ದ ಅದಾಮಾ ಬ್ಯಾರೋಗೆ ಫೋನ್ ಮಾಡಿ ನಗುನಗುತ್ತಾ ಅಭಿನಂದನೆ ಹೇಳಿದ. ಗೆದ್ದ ಕೂಟದ ಕೆಲವರು ಇವನ ಮೇಲೆ ಮೊಕದ್ದಮೆ ಹೂಡುವ ಮಾತು ಆಡಿದರು ನೋಡಿ, ಒಂದೇ ವಾರದಲ್ಲಿ "ಈ ಫಲಿತಾಂಶ ನಾನು ಒಪ್ಪಲ್ಲ" ಅಂತ ತಿರುಗಿಬಿದ್ದ. ಬ್ಯಾರೋ ಪ್ರಮಾಣವಚನ ತೆಗೆದುಕೊಂಡಿದ್ದು ಪಕ್ಕದ ಸೆನೆಗಲ್ ರಾಜಧಾನಿ ಡಕಾರ್‌ನಲ್ಲಿದ್ದ ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ. ನೆರೆ ದೇಶಗಳ ಸೈನ್ಯ ಗಡಿ ದಾಟಿದ ಮೇಲೆ, 2017ರ ಜನವರಿ 21ರಂದು ಜಾಮೆ ವಿಮಾನ ಹತ್ತಿದ. ಹೋಗಿದ್ದು ಎಲ್ಲಿಗೆ ಗೊತ್ತಾ? 1979ರಿಂದ ಒಬ್ಬನೇ ಅಧ್ಯಕ್ಷ ಆಳುತ್ತಿರುವ ಈಕ್ವಟೋರಿಯಲ್ ಗಿನಿಗೆ. ನೆಂಟರ ಮನೆ ಇದ್ದ ಹಾಗೆ.

ಈಗ ಹೇಳಿ ಮೇಷ್ಟ್ರೇ, ಇಲ್ಲಿ ಅಕ್ಷರ ಬರದಿದ್ದದ್ದರಿಂದ ಏನಾದರೂ ಕೆಟ್ಟಿತಾ? ಗೋಲಿ ಹಾಕಿದವರು ಸರಿಯಾಗಿಯೇ ಹಾಕಿದರು. ತಕರಾರು ತೆಗೆದವನು ಅರಮನೆಯಲ್ಲಿದ್ದವನು. ದುಡ್ಡಿನ ವಿಷಯಕ್ಕೆ ಬಂದರೆ ನಿಮ್ಮ ಮಾತಿನಲ್ಲಿ ಅರ್ಧ ಹುರುಳಿದೆ, ಶ್ರೀಮಂತ ದೇಶಗಳಲ್ಲಿ ಒಮ್ಮೆ ಬಂದ ಪ್ರಜಾಪ್ರಭುತ್ವ ಬೀಳುವುದು ಬಹಳ ಕಡಿಮೆ. ಆದರೆ ಬರುವುದಕ್ಕೆ ಸಿರಿತನ ಬೇಕೇ ಬೇಕು ಅಂತಿಲ್ಲ. ಮಂಗೋಲಿಯಾ 1990ರಲ್ಲಿ ಬಹುಪಕ್ಷ ಚುನಾವಣೆ ನಡೆಸಿದಾಗ ಬಡ ದೇಶವೇ. ಒಂದು ಕಡೆ ರಷ್ಯಾ, ಇನ್ನೊಂದು ಕಡೆ ಚೀನಾ, ನಡುವೆ ಸಿಕ್ಕಿಕೊಂಡೂ ಅಲ್ಲಿ ಓಟಿನಿಂದಲೇ ಸರ್ಕಾರಗಳು ಬದಲಾಗುತ್ತಿವೆ.

ಪ್ರಶ್ನೆ: ನಾನೊಬ್ಬ ಗುಮಾಸ್ತ. ಇತಿಹಾಸ ಎಲ್ಲಾ ನಾಯಕರದ್ದು, ಜನರಲ್‌ಗಳದ್ದು. ನಮ್ಮಂಥ ಕಚೇರಿ ನೌಕರರಿಂದ ಯಾವತ್ತಾದರೂ ಸರ್ಕಾರ ಬಿದ್ದಿದೆಯಾ ಸಾರ್?

ಉತ್ತರ: ಬಿದ್ದಿದೆ ಸಾರ್, ಕನಿಷ್ಠ ಅಲುಗಾಡಿದೆ. ಫಿಲಿಪ್ಪೀನ್ಸ್‌ನಲ್ಲಿ ಸರ್ವಾಧಿಕಾರಿ ಮಾರ್ಕೋಸ್ 1986ರ ಫೆಬ್ರವರಿ 7ರಂದು ಅವಸರದ ಚುನಾವಣೆ ಇಟ್ಟ. ಎದುರಾಳಿ ಕೊರಾಜೋನ್ ಅಕಿನೋ, ಮನಿಲಾ ವಿಮಾನ ನಿಲ್ದಾಣದಲ್ಲಿ ಕೊಲೆಯಾದ ವಿರೋಧ ಪಕ್ಷದ ನಾಯಕನ ಹೆಂಡತಿ. ಎಣಿಕೆ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತು ಅಂಕಿ ತುಂಬುತ್ತಿದ್ದವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ತಾವು ತುಂಬುವ ಅಂಕಿಯೇ ಬೇರೆ, ಗೋಡೆಯ ಬೋರ್ಡಿನಲ್ಲಿ ಕಾಣುವ ಅಂಕಿಯೇ ಬೇರೆ. 9ನೇ ತಾರೀಖು ರಾತ್ರಿ ಅವರಲ್ಲಿ ಮೂವತ್ತು ಚಿಲ್ಲರೆ ಮಂದಿ ಎದ್ದು, ಡಿಸ್ಕುಗಳನ್ನು ಎತ್ತಿಕೊಂಡು, ಹೊರಗೆ ನಡೆದೇಬಿಟ್ಟರು. ಹೋಗಿ ಒಂದು ಚರ್ಚಿನಲ್ಲಿ ಆಶ್ರಯ ಪಡೆದರು. ಘೋಷಣೆ ಇಲ್ಲ, ಬಾವುಟ ಇಲ್ಲ. ಸುಳ್ಳು ಲೆಕ್ಕ ಬರೆಯಲ್ಲ ಅಂದರು, ಅಷ್ಟೇ. ಎರಡು ವಾರ ಕಳೆದ ಮೇಲೆ ಲಕ್ಷಾಂತರ ಜನ ಎಡ್ಸಾ ರಸ್ತೆ ತುಂಬಿಕೊಂಡರು. 25ಕ್ಕೆ ಮಾರ್ಕೋಸ್ ದೇಶ ಬಿಟ್ಟ.

ಅವನ ಮಗ 2022ರಲ್ಲಿ ಅದೇ ದೇಶದ ಅಧ್ಯಕ್ಷನಾಗಿ ಗೆದ್ದು ಬಂದ ಅನ್ನುವುದನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ. ಓಟಿನಿಂದಲೇ ಬಂದ. ಓಟು ನನ್ನ ನಿಮ್ಮ ಇಷ್ಟ ಕೇಳಿಕೊಂಡು ಬೀಳುವುದಿಲ್ಲ.

ಪ್ರಶ್ನೆ: ಕೋರ್ಟುಗಳು ಯಾವತ್ತೂ ಅಧಿಕಾರದಲ್ಲಿರುವವರ ಕಡೆಯೇ. ಅವುಗಳಿಂದ ಚುನಾವಣಾ ಮೋಸ ನಿಲ್ಲುತ್ತದೆ ಅಂತ ನಂಬುತ್ತೀರಾ?

ಉತ್ತರ: ಸಾಮಾನ್ಯವಾಗಿ ನಂಬುವುದಿಲ್ಲ. ಮಲಾವಿಯನ್ನು ನೋಡಿದ ಮೇಲೆ ಸ್ವಲ್ಪ ನಂಬುತ್ತೇನೆ. 2019ರ ಮೇನಲ್ಲಿ ಅಲ್ಲಿ ಚುನಾವಣೆ ನಡೆಯಿತು, ಆಗ ಅಧ್ಯಕ್ಷರಾಗಿದ್ದ ಪೀಟರ್ ಮುತಾರಿಕಾ ಶೇ. 38ರ ಚಿಲ್ಲರೆ ಮತದಲ್ಲಿ ಗೆದ್ದರು ಅಂತ ಆಯೋಗ ಹೇಳಿತು. ಫಲಿತಾಂಶದ ಹಾಳೆಗಳನ್ನು ತೆಗೆದು ನೋಡಿದರೆ ಅಲ್ಲಲ್ಲಿ ಬಿಳಿ ಬಿಳಿ. ಶಾಲೆಯಲ್ಲಿ ನಾವು ತಪ್ಪಾದಾಗ ಬಳಿಯುತ್ತಿದ್ದೆವಲ್ಲ ವೈಟ್ನರ್, ಅದೇ! ಅಂಕಿ ಅಳಿಸಿ ಮೇಲೆ ಬೇರೆ ಅಂಕಿ ಬರೆದಿದ್ದರು. ಜನ ತಿಂಗಳುಗಟ್ಟಲೆ ಬೀದಿ ಬಿಡಲಿಲ್ಲ. 2020ರ ಫೆಬ್ರವರಿ 3ರಂದು ಐದು ಮಂದಿ ನ್ಯಾಯಾಧೀಶರು ಸೈನ್ಯದ ಕಾವಲಿನಲ್ಲಿ, ಗುಂಡು ತಡೆಯುವ ಕವಚ ತೊಟ್ಟು ಕೋರ್ಟಿಗೆ ಬಂದರು, ಗಂಟೆಗಟ್ಟಲೆ ತೀರ್ಪು ಓದಿ ಚುನಾವಣೆಯನ್ನೇ ರದ್ದು ಮಾಡಿದರು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು ಅಂತಲೂ ಹೇಳಿದರು. ಜೂನ್‌ನಲ್ಲಿ ಮರು ಚುನಾವಣೆಯಾಗಿ ವಿರೋಧ ಪಕ್ಷದ ಲಾಜರಸ್ ಚಕ್ವೇರಾ ಗೆದ್ದರು.

ಕಥೆಗೆ ಒಂದು ಬಾಲ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಅದೇ ಮುತಾರಿಕಾ ನ್ಯಾಯವಾಗಿ ಓಟು ಪಡೆದು ವಾಪಸ್ ಬಂದರು. ಚಕ್ವೇರಾ ಸೋಲು ಒಪ್ಪಿಕೊಂಡರು. ವೈಟ್ನರ್ ಬೇಕಾಗಲಿಲ್ಲ.

ಪ್ರಶ್ನೆ: ನಿಯಮಿತವಾಗಿ ಚುನಾವಣೆ ನಡೆಯುತ್ತಿದ್ದರೆ ಸಾಕಲ್ವಾ? ಮಿಕ್ಕಿದ್ದು ತಾನಾಗಿ ಬರುತ್ತದೆ.

ಉತ್ತರ: ಬರಲ್ಲ. ಟ್ಯುನೀಷಿಯಾದವರು 2011ರಲ್ಲಿ ಸರ್ವಾಧಿಕಾರಿ ಬೆನ್ ಅಲಿಯನ್ನು ಓಡಿಸಿದರು, 2014ರಲ್ಲಿ ಒಳ್ಳೆಯ ಸಂವಿಧಾನ ಬರೆದುಕೊಂಡರು, ಪಕ್ಷಗಳು ಹೊಡೆದಾಡದಂತೆ ಮಾತುಕತೆ ನಡೆಸಿದ ನಾಲ್ಕು ಸಂಘಟನೆಗಳಿಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಆದರೆ ಕೆಲಸ ಸಿಗಲಿಲ್ಲ, ಬೆಲೆ ಇಳಿಯಲಿಲ್ಲ, ಸಂಸತ್ತಿನಲ್ಲಿ ಬರೀ ಜಗಳ. ಜನಕ್ಕೆ ಸಾಕಾಗಿತ್ತು. 2019ರಲ್ಲಿ ಭಾರಿ ಬಹುಮತದಿಂದ ಅಧ್ಯಕ್ಷರಾಗಿ ಗೆದ್ದ ಕೈಸ್ ಸಯೀದ್, 2021ರ ಜುಲೈ 25ರಂದು ಆ ಸಂಸತ್ತಿಗೇ ಬೀಗ ಹಾಕಿದರು. ಅವತ್ತು ರಾತ್ರಿ ಜನ ಬೀದಿಯಲ್ಲಿ ಕಾರಿನ ಹಾರ್ನ್ ಹೊಡೆದು ಸಂಭ್ರಮಿಸಿದರು. ನನಗೆ ಅತಿ ಹೆಚ್ಚು ಕಸಿವಿಸಿ ಮಾಡುವುದು ಬೀಗ ಹಾಕಿದ್ದಕ್ಕಿಂತ ಆ ಹಾರ್ನ್ ಸದ್ದೇ. ಆಮೇಲೆ ವಿರೋಧಿಗಳು ಒಬ್ಬೊಬ್ಬರಾಗಿ ಜೈಲು ಸೇರಿದರು.

ಪ್ರಶ್ನೆ: ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ದೇಶದಲ್ಲಿ ಪ್ರಜಾಪ್ರಭುತ್ವ ಬೇರು ಬಿಟ್ಟಿದೆ ಅಂತ ಹೇಗೆ ಗುರುತಿಸುವುದು? ಒಂದೇ ಮಾತಿನಲ್ಲಿ ಹೇಳಿ.

ಉತ್ತರ: ಗೆದ್ದವರನ್ನು ಬಿಡಮ್ಮ, ಸೋತವರನ್ನು ನೋಡು. ಒಂದು ಮಾತು ಆಯಿತು. ಪರೀಕ್ಷೆಯಲ್ಲಿ ಅಷ್ಟಕ್ಕೆ ಅಂಕ ಕೊಡುವುದಿಲ್ಲ, ಆದ್ದರಿಂದ ಘಾನಾ ಬಗ್ಗೆ ಬರಿ.

2008ರ ಕೊನೆಗೆ ಅಲ್ಲಿ ಎರಡನೇ ಸುತ್ತಿನ ಮತದಾನ ನಡೆಯಿತು. ತೊಂಬತ್ತು ಲಕ್ಷ ಓಟಿನಲ್ಲಿ ಆಡಳಿತ ಪಕ್ಷದ ನಾನಾ ಅಕುಫೋ ಅಡೋ ಸುಮಾರು 40,000 ಓಟಿನಿಂದ ಸೋತರು. ಸರ್ಕಾರ ಅವರ ಪಕ್ಷದ್ದು, ಪೊಲೀಸರು, ಸೈನ್ಯ ಎಲ್ಲ ಆ ಸರ್ಕಾರದ ಕೈಯಲ್ಲಿ. ಆದರೂ ಅಧಿಕಾರ ಬಿಟ್ಟುಕೊಟ್ಟರು. 2012ರಲ್ಲಿ ಮತ್ತೆ ನಿಂತರು, ಮತ್ತೆ ಸೋತರು. ಈ ಸಲ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ಟಿವಿಯಲ್ಲಿ ನೇರ ಪ್ರಸಾರ. ಮತಗಟ್ಟೆಯ ಫಲಿತಾಂಶ ಬರೆಯುವ ಹಾಳೆಗೆ ಅಲ್ಲಿ ಪಿಂಕ್ ಶೀಟ್ ಅನ್ನುತ್ತಾರೆ. ತಿಂಗಳುಗಟ್ಟಲೆ ವಕೀಲರು ಒಂದೊಂದು ಪಿಂಕ್ ಶೀಟ್ ಹಿಡಿದು ಇಲ್ಲಿ ಸಹಿ ಇಲ್ಲ, ಅಲ್ಲಿ ಅಂಕಿ ತಪ್ಪು ಅಂತ ಕಿತ್ತಾಡಿದರು, ದೇಶ ಕೂತು ನೋಡಿತು. 2013ರ ಆಗಸ್ಟ್ 29ರಂದು ತೀರ್ಪು ಅವರ ವಿರುದ್ಧ ಬಂತು. ಒಪ್ಪುವುದಿಲ್ಲ, ಆದರೆ ಪಾಲಿಸುತ್ತೇನೆ ಎಂಬರ್ಥದಲ್ಲಿ ಹೇಳಿ, ಗೆದ್ದ ಜಾನ್ ಮಹಾಮಾಗೆ ಫೋನ್ ಮಾಡಿ ಅಭಿನಂದಿಸಿದರು. 2016ರಲ್ಲಿ ಮೂರನೇ ಸಲ ನಿಂತು ಗೆದ್ದರು. ಆಗ ಫೋನ್ ಮಾಡುವ ಸರದಿ ಮಹಾಮಾ ಅವರದ್ದು. 2024ರ ಡಿಸೆಂಬರ್‌ನಲ್ಲಿ ಮಹಾಮಾ ವಾಪಸ್ ಗೆದ್ದಾಗ, ಎದುರು ನಿಂತಿದ್ದ ಉಪಾಧ್ಯಕ್ಷ ಬಾವುಮಿಯಾ ಅಧಿಕೃತ ಘೋಷಣೆಗೂ ಕಾಯದೆ ಫೋನ್ ಎತ್ತಿಕೊಂಡರು.